ಕಟ್ಟಿಸಿಕೊಂಡ ಕಾರ್ಡು

ದೀಪ ಹತ್ತಿದರೆ ಮಾತು ಮುಟ್ಟಿತು ಎಂದು ನಮ್ಮೂರಿನಲ್ಲಿ ಎಲ್ಲರೂ ನಂಬುತ್ತಾರೆ. ನಾನೂ ನಂಬಿದ್ದೆ. ಸುಳ್ಳು ಅದು, ಅಪ್ಪಟ ಸುಳ್ಳು. ನನ್ನಕ್ಕ ಪುಟ್ಟೀರಮ್ಮ ತನ್ನ ಎದೆಯಲ್ಲಿ ಗಂಟಾಗಿದೆ ಎಂದು ನನಗೆ ಮೂರು ಸಲ ಹೇಳಿದಳು. ಮೂರು ಸಲವೂ ಅವಳ ಕಾರ್ಡಿನ ದೀಪ ಹಸಿರಾಗಿತ್ತು, ನನ್ನದೂ ಹಸಿರಾಗಿತ್ತು. ಒಂದು ಸಲವೂ ನನಗೆ ಕೇಳಲಿಲ್ಲ.

ನಮ್ಮೂರಿನ ಗಾಳಿ ಮಾತನ್ನು ಹೊರುವುದಿಲ್ಲ. ನಾಯಿ ಬೊಗಳಿದ್ದು ಕೇಳುತ್ತದೆ, ಪಾತ್ರೆ ಬಿದ್ದದ್ದು ಕೇಳುತ್ತದೆ, ಪಕ್ಕದ ಮನೆಯ ಕೆಮ್ಮು ಕೇಳುತ್ತದೆ. ಕೂಸು ಅತ್ತರೆ ಮೂರು ಬೀದಿಗೆ ಕೇಳುತ್ತದೆ. ಆದರೆ ಅದೇ ಕೂಸು ‘ಅವ್ವ’ ಅಂದ ದಿನ ಅದರ ತುಟಿ ಆಡುವುದಷ್ಟೇ ಕಾಣುತ್ತದೆ. ತುಟಿ ಆಡಿತು, ಸದ್ದು ಬರಲಿಲ್ಲ ಎಂದರೆ ಅದೇ ಮೊದಲ ಮಾತು. ಮನೆಯವರು ಕೊಬ್ಬರಿ ಸಕ್ಕರೆ ಹಂಚಿ ಅವತ್ತೇ ಅದರ ಕೊರಳಿಗೆ ಕಾರ್ಡು ಕಟ್ಟುತ್ತಾರೆ. ಅಂಗೈ ಅಗಲದ ಹಸಿರು ಹಲಗೆ, ಅಂಚಿಗೆ ಬಂಗಾರದ ಬಣ್ಣದ ಹಲ್ಲು, ಮೂಲೆಯಲ್ಲಿ ತಂತಿ ಸಿಕ್ಕಿಸುವ ಬಾಯಿ, ಅದರ ಪಕ್ಕ ಸಾಸಿವೆ ಗಾತ್ರದ ದೀಪ. ಎರಡು ಮಾರು ತಂತಿಯನ್ನು ಎಲ್ಲರೂ ಸೊಂಟಕ್ಕೆ ಸುತ್ತಿಕೊಂಡೇ ಓಡಾಡುತ್ತೇವೆ. ಮಾತಾಡಬೇಕಿದ್ದರೆ ಒಂದು ತುದಿ ನಮ್ಮ ಕಾರ್ಡಿಗೆ, ಇನ್ನೊಂದು ತುದಿ ಎದುರಿನವರ ಕಾರ್ಡಿಗೆ.

ಬೆಳಿಗ್ಗೆ ಎದ್ದ ಕೂಡಲೇ ನಮಗೆ ಮಾತು ಬರುವುದಿಲ್ಲ. ಮೊದಲು ಕಾರ್ಡು ಮೈಯ ಬಿಸಿಗೆ ಎಚ್ಚರವಾಗಬೇಕು. ಎಚ್ಚರವಾದದ್ದೇ ಅದು ತನ್ನ ಕೈಕಾಲನ್ನು ತಾನೇ ಮುಟ್ಟಿ ನೋಡಿಕೊಳ್ಳುತ್ತದೆ. ಹಲ್ಲೆಲ್ಲ ಇವೆಯೇ, ಮಾತು ಇಟ್ಟುಕೊಳ್ಳುವ ಗೂಡು ಸರಿಯಿದೆಯೇ ಎಂದು. ಆಮೇಲೆ ಹುಟ್ಟುವಾಗಲೇ ಮೈಮೇಲೆ ಸುಟ್ಟು ಬರೆದ ತನ್ನ ನಂಬರನ್ನು ಓದಿಕೊಳ್ಳುತ್ತದೆ. ಅಷ್ಟಾದರೂ ಅದಕ್ಕೆ ಏನು ಮಾಡಬೇಕೆಂದು ಗೊತ್ತಿರುವುದಿಲ್ಲ, ರಾತ್ರಿ ನಿದ್ದೆಯಲ್ಲಿ ಎಲ್ಲ ಮರೆತಿರುತ್ತದೆ. ಅದಕ್ಕೆ ಪ್ರತಿ ಮನೆಯ ಒಲೆಯ ಮೇಲಿನ ಗೂಡಿನಲ್ಲಿ ಒಂದು ಪಾಠದ ಬಿಲ್ಲೆ ಇರುತ್ತದೆ. ಕಾರ್ಡನ್ನು ಬಿಲ್ಲೆಗೆ ತಾಗಿಸಿ ಎರಡು ಉಸಿರಿನ ಹೊತ್ತು ನಿಂತರೆ, ನಡೆಯುವುದು ಹೇಗೆ, ನುಡಿಯುವುದು ಹೇಗೆ ಎಂಬ ಪಾಠ ಅದರೊಳಗೆ ಇಳಿಯುತ್ತದೆ. ನಮ್ಮ ಮನೆಯಲ್ಲಿ ಅಕ್ಕ ಮೊದಲು ನನ್ನ ಕಾರ್ಡಿಗೆ ಪಾಠ ಇಳಿಸಿ ಆಮೇಲೆ ತನ್ನದಕ್ಕೆ ಇಳಿಸುತ್ತಿದ್ದಳು. ಅವ್ವ ತೀರಿಕೊಂಡಾಗ ನನಗೆ ಆರು ವರ್ಷ, ಅವಳಿಗೆ ಹತ್ತೊಂಬತ್ತು. ಅಂದಿನಿಂದ ಅದೇ ಪದ್ಧತಿ.

ತಂತಿ ಸಿಕ್ಕಿಸಿದ ಮೇಲೂ ತಕ್ಷಣ ಮಾತು ಹೋಗುವುದಿಲ್ಲ. ಕಾರ್ಡು ಸಣ್ಣಗೆ ಮಿಡಿಯಲು ತೊಡಗುತ್ತದೆ, ಇದ್ದೀಯಾ, ಇದ್ದೀಯಾ ಎಂದು. ಆ ಕಡೆಯದೂ ಮಿಡಿಯುತ್ತದೆ. ಒಂದರ ಮಿಡಿತ ಇನ್ನೊಂದಕ್ಕೆ ಗೊತ್ತಾದ ಮೇಲೆ ತಮತಮಗೆ ಏನು ಬರುತ್ತದೆ ಎಂದು ಹೇಳಿಕೊಳ್ಳುತ್ತವೆ. ನನಗೆ ಹತ್ತರ ವೇಗ ಬರುತ್ತದೆ, ನೂರೂ ಬರುತ್ತದೆ, ಸರದಿಯಲ್ಲಿ ಮಾತಾಡಲೂ ಬಲ್ಲೆ, ಇಬ್ಬರೂ ಒಟ್ಟಿಗೇ ಮಾತಾಡಿದರೂ ಕೇಳಬಲ್ಲೆ, ನಿನಗೆ? ಹೀಗೆ ಕೇಳಿ, ಇಬ್ಬರಿಗೂ ಬರುವುದರಲ್ಲಿ ಯಾವುದು ಮೇಲೋ ಅದನ್ನು ಆರಿಸಿಕೊಳ್ಳುತ್ತವೆ. ಇದಕ್ಕೆ ನಮ್ಮಲ್ಲಿ ಒಪ್ಪಿಕೆ ಎನ್ನುತ್ತಾರೆ. ಒಪ್ಪಿಕೆ ಆದರೆ ದೀಪ ಹಸಿರು. ನಾನು ಸಣ್ಣವನಿದ್ದಾಗ ಅಕ್ಕನೂ ನಾನೂ ಒಪ್ಪಿಕೆ ಆದದ್ದೇ ತಡ, ಇಬ್ಬರೂ ಒಟ್ಟಿಗೆ ಜಗಳ ಸುರು ಮಾಡುತ್ತಿದ್ದೆವು. ಅವಳು ಬೈಯುವುದು ಪೂರ್ತಿ ನನಗೆ, ನಾನು ಬೈಯುವುದು ಪೂರ್ತಿ ಅವಳಿಗೆ. ಒಂದಕ್ಷರ ಹಾಳಾಗುತ್ತಿರಲಿಲ್ಲ.

ಇನ್ನು ನಂಬರಿನ ಮಾತು. ಅದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಊರವರೆಲ್ಲರೊಡನೆ ಒಟ್ಟಿಗೆ ಮಾತಾಡಬೇಕಿದ್ದವರು ಊರ ಕಟ್ಟೆಯ ಮೇಲಿನ, ಎಲ್ಲರ ತಂತಿ ಕೂಡುವ ಪೆಟ್ಟಿಗೆಗೆ ತಂತಿ ಹಾಕಿ, ನಂಬರು ಕೊಡೋರು ಯಾರಾದ್ರೂ ಇದ್ದೀರಾ ಎಂದು ಕೂಗಬೇಕು. ಪೆಟ್ಟಿಗೆ ಒಂದು ದಿನದ ನಂಬರು ಕೊಡುತ್ತದೆ, ಸಂಜೆಗೆ ಅದನ್ನು ವಾಪಸು ತೆಗೆದುಕೊಳ್ಳುತ್ತದೆ. ಆ ನಂಬರಿಗೆ ಯಾರ ಹಂಗೂ ಇಲ್ಲ, ಇವತ್ತು ಗೌಡನಿಗೆ ಸಿಕ್ಕಿದ್ದು ನಾಳೆ ನನಗೆ ಸಿಕ್ಕೀತು. ಆದರೆ ಕಾರ್ಡಿನ ಮೈಮೇಲೆ ಸುಟ್ಟು ಬರೆದ ನಂಬರು ಸಾಯುವ ತನಕ ಅದೇ. ಹನ್ನೆರಡು ಅಕ್ಷರ. ಕೊನೆಯ ಆರು ಮಾತ್ರ ನಮ್ಮದು. ಮೊದಲ ಆರು, ಕಾರ್ಡು ಯಾವ ಕಾರ್ಖಾನೆಯಲ್ಲಿ ಹುಟ್ಟಿತು ಎಂದು ಸಾರುವುದಕ್ಕೆ. ನಮ್ಮವು ಕೆಳಗಿನ ಶೆಡ್ಡಿನವು. ಮೇಲಿನ ಕಾರ್ಖಾನೆಯ ಕಾರ್ಡಿಗೂ ನಮ್ಮ ಕಾರ್ಡಿಗೂ ಕೆಲಸದಲ್ಲಿ ಕೂದಲೆಳೆಯ ವ್ಯತ್ಯಾಸವಿಲ್ಲ, ಅದೇ ನೂರರ ವೇಗ, ಅದೇ ಎರಡೂ ಕಡೆ ಒಟ್ಟಿಗೆ ಮಾತು. ಆದರೂ ಯಾರೇ ತಂತಿ ಸಿಕ್ಕಿಸಲಿ, ಮೊದಲ ಆರು ಅಕ್ಷರ ಓದಿದ ಕೂಡಲೇ ಅವರ ಮೋರೆ ಬದಲಾಗುತ್ತದೆ.

ಶಾಲೆಯಲ್ಲಿ ಮೇಷ್ಟ್ರು ದಿನಾ ಓದುತ್ತಿದ್ದರು. ‘ಓ, ಕೆಳಗಿನ ಶೆಡ್ಡಾ? ಕೂತ್ಕೋ. ನಿನ್ ಸರದಿ ಬಂದಾಗ ಹೇಳ್ತೀನಿ.’ ಏಳು ವರ್ಷ ಕೂತೆ. ಸರದಿ ಬರಲಿಲ್ಲ. ಏಳನೇ ಕ್ಲಾಸಿನಲ್ಲಿ ಒಂದು ದಿನ ತಡೆಯಲಾರದೆ ಭಾಗಾಕಾರದಲ್ಲಿ ಏನೋ ಕೇಳಿದೆ. ‘ಶೆಡ್ಡಿನೋನು ಭಾಗಾಕಾರ ಕಲ್ತು ಯಾರಿಗೆ ಪಾಲು ಹಂಚ್ಬೇಕೋ?’ ಅಂದರು. ಇಡೀ ಕ್ಲಾಸು ಗೊಳ್ಳೆಂದು ನಕ್ಕಿತು. ನಾನು ಎದ್ದು, ಎಲ್ಲರ ತಂತಿ ಕೂಡುವ ಪೆಟ್ಟಿಗೆಯನ್ನು ಗೋಡೆಯಿಂದ ಕಿತ್ತು ಅಂಗಳಕ್ಕೆ ಎಸೆದೆ. ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ತಂತಿಗೆ ಹತ್ತಿಯ ಕವಚ ನೇಯುತ್ತಿದ್ದಳು, ಅದೇ ಅವಳ ಕೆಲಸ. ‘ಪೆಟ್ಟಿಗೆ ಮುರೀತಾ?’ ಅಂದಳು. ‘ಮುರೀತು.’ ‘ಕೈಗೇನೂ ಆಗ್ಲಿಲ್ವಲ್ಲ?’ ಅಂದಳು. ಅಷ್ಟೇ. ಮಾರನೆಯ ದಿನದಿಂದ ನಾನು ಶಾಲೆಗೆ ಹೋಗಲಿಲ್ಲ, ಅವಳೂ ಹೋಗು ಅನ್ನಲಿಲ್ಲ.

ಇಪ್ಪತ್ತೆರಡಕ್ಕೆ ನನಗೆ ದೊಡ್ಡ ಲೈನಿನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಊರಿನ ಮಾತನ್ನು ಗುಡ್ಡದಾಚೆಗೆ ದಾಟಿಸುವ ಲೈನು ಅದು. ಜನ ಬಂದು ಹೇಳಿದ್ದನ್ನು ಕೇಳಿಕೊಂಡು ಆ ಕಡೆಗೆ ತಳ್ಳಬೇಕು, ಆ ಕಡೆಯಿಂದ ಬಂದದ್ದನ್ನು ಅದೇ ಹೊತ್ತಿಗೆ ಎಳೆದುಕೊಳ್ಳಬೇಕು. ಅಲ್ಲಿನ ಮೇಲ್ವಿಚಾರಕ ಚಿಕ್ಕಣ್ಣಯ್ಯ ನನ್ನ ಮೊದಲ ಆರು ಅಕ್ಷರ ಓದಿ ಮೂಗು ಮುರಿದ. ‘ಶೆಡ್ಡಿನ ಮಾಲು. ಇರ್ಲಿ. ನೋಡಯ್ಯಾ, ಇಲ್ಲಿ ಒಪ್ಪಿಕೆ ಗಿಪ್ಪಿಕೆ ಅಂತ ಕೂರಕ್ಕೆ ಟೈಮಿಲ್ಲ. ಲೈನು ನೂರಕ್ಕೆ ಕಟ್ಟೈತೆ, ಎರಡೂ ಕಡೆ. ನಿನ್ ಕಾರ್ಡೂ ಹಂಗೇ ಕಟ್ಟಿಸ್ಕೊಂಡು ಬಾ. ಇಲ್ಲಾಂದ್ರೆ ಬರ್ಬೇಡ.’

ಕಾರ್ಡು ರಿಪೇರಿಯ ದ್ಯಾವೀರಯ್ಯನ ಬಳಿಗೆ ಹೋದೆ. ಮುದುಕ ಕನ್ನಡಕ ಏರಿಸಿ, ಕಾರ್ಡಿನ ಬೆನ್ನಿನ ಮೇಲೆ ಎರಡು ಚುಕ್ಕಿಗಳ ನಡುವೆ ಒಂದು ಹನಿ ಸೀಸ ಇಳಿಸಿದ. ಮುಗಿಯಿತು. ಇನ್ನು ಮೇಲೆ ನನ್ನ ಕಾರ್ಡು, ನನಗೆ ಇದು ಬರುತ್ತದೆ ಅದು ಬರುತ್ತದೆ ಎಂದು ಯಾರಿಗೂ ಹೇಳಿಕೊಳ್ಳುವುದಿಲ್ಲ. ನಿನಗೇನು ಬರುತ್ತದೆ ಎಂದು ಯಾರನ್ನೂ ಕೇಳುವುದಿಲ್ಲ. ನೂರು, ಎರಡೂ ಕಡೆ, ಅಷ್ಟೇ. ಆ ಹನಿ ಆರುವಾಗ ನನಗಾದ ಸುಖವನ್ನು ಹೇಗೆ ಹೇಳಲಿ! ಏಳು ವರ್ಷ ಸರದಿಗೆ ಕೂತವನಿಗೆ ಮಾತ್ರ ಅದು ಗೊತ್ತಾಗುತ್ತದೆ. ದ್ಯಾವೀರಯ್ಯ ತನ್ನ ತಂತಿ ಸಿಕ್ಕಿಸಿ ಹೇಳತೊಡಗಿದ. ‘ಲೋ ಮೈಲಾರಿ, ಒಂದ್ ಮಾತು ಕೇಳ್ಕೊಂಡ್ ಹೋಗು. ಕಟ್ಟಿದ್ರೆ ಎರಡೂ ತುದಿ ಕಟ್ಬೇಕು, ಬಿಟ್ರೆ ಎರಡೂ ತುದಿ ಬಿಡ್ಬೇಕು. ಒಂದು ತುದಿ ಕಟ್ಟಿ, ಒಂದು ತುದಿ...’

‘ಗೊತ್ತು ಬಿಡಯ್ಯ,’ ಅಂದು ನಾನು ತಂತಿ ಕಿತ್ತುಕೊಂಡೆ. ನನಗೇನೂ ಗೊತ್ತಿರಲಿಲ್ಲ.

ಅಂದು ಸಂಜೆ ಅಕ್ಕನಿಗೆ ತಂತಿ ಹಾಕಿದೆ. ದೀಪ ಎಂದಿಗಿಂತ ಬೇಗ ಹಸಿರಾಯಿತು. ‘ನೋಡಕ್ಕ, ಕಣ್ಣು ಮಿಟುಕಿಸೋದ್ರೊಳಗೆ!’ ಅಂದೆ. ‘ಹ್ಞೂಂ ಕಣ್ಲಾ,’ ಅಂದಳು. ಅವಳ ಹ್ಞೂಂ ಚೆನ್ನಾಗಿ ಕೇಳಿತು. ಊಟ ಆಯ್ತಾ, ಮುದ್ದೆ ಆರ್ತೈತೆ ಬಾ, ನೀರು ಬಂತಾ, ಎಲ್ಲ ಚೆನ್ನಾಗಿ ಕೇಳುತ್ತಿತ್ತು. ಸಣ್ಣ ಮಾತು ಒಂದೂ ತಪ್ಪುತ್ತಿರಲಿಲ್ಲ. ಅದಕ್ಕೇ ನನಗೆ ಅನುಮಾನ ಬರಲಿಲ್ಲ.

ಮೊದಲನೇ ಸಲ ಅವಳು ಹೇಳಿದ್ದು ಒಂದು ಸಂಜೆ, ಊಟಕ್ಕೆ ಕೂತಾಗ. ನಾನು ಚಿಕ್ಕಣ್ಣಯ್ಯನನ್ನು ಬೈಯುತ್ತಿದ್ದೆ. ಅವನು ನನ್ನ ಲೋಟ ಬೇರೆ ಇಡಿಸಿದ್ದ. ದಿನಾ ಮನೆಗೆ ಬಂದ ಕೂಡಲೇ ತಂತಿ ಹಾಕಿ ಅವನನ್ನು ಬೈಯುವುದು ನನ್ನ ಊಟಕ್ಕೆ ಉಪ್ಪಿನಕಾಯಿ ಇದ್ದಂತೆ ಆಗಿತ್ತು. ನಡುವೆ ಅಕ್ಕನ ತುಟಿ ಆಡುತ್ತಿತ್ತು. ‘ತಿಂಗ್ಳಿಂದ...’ ಅಂತ ಬಂತು. ಆಮೇಲೆ ಗರಗರ. ಆಮೇಲೆ ‘ಸಣ್ಣತಾಯಿ’ ಅಂತ ಬಂತು. ಸಣ್ಣತಾಯಮ್ಮ ನೇಯ್ಗೆಯ ಶೆಡ್ಡಿನಲ್ಲಿ ಅವಳ ಜೊತೆ ಕವಚ ನೇಯುವ ಹೆಂಗಸು. ಅವರ ಶೆಡ್ಡಿನ ಜಗಳ ಏನೋ ಇರಬೇಕು ಎಂದುಕೊಂಡೆ. ‘ಆಮೇಲ್ ಹೇಳಕ್ಕ,’ ಅಂದು ಮತ್ತೆ ಚಿಕ್ಕಣ್ಣಯ್ಯನ ಮೇಲೆ ಬಿದ್ದೆ.

ಎರಡನೇ ಸಲ ಬೆಳಿಗ್ಗೆ. ಕಚೇರಿಗೆ ಹೊರಟಿದ್ದೆ. ಅವಳು ಅಡ್ಡ ನಿಂತು ತಂತಿ ಸಿಕ್ಕಿಸಿ ಏನೋ ಹೇಳುತ್ತಾ ಎದೆಯ ಮೇಲೆ ಕೈಯಿಟ್ಟುಕೊಂಡಳು, ಎಡಗಡೆ, ಕಾರ್ಡು ನೇತಾಡುವ ಜಾಗದಲ್ಲಿ. ಲೇಟಾಯ್ತು, ಲೇಟಾಯ್ತು ಎಂದು ನಾನು ಕೂಗುತ್ತಲೇ ಇದ್ದೆ. ಅವಳು ಮತ್ತೆ ಕೈಯಿಟ್ಟು ತೋರಿಸಿದಳು. ಆಗ ನನಗೆ ಅರ್ಥವಾಯಿತು. ಅರ್ಥವಾಯಿತಂತೆ! ‘ಕಾರ್ಡು ತೊಂದ್ರೆನಾ? ಅದಕ್ಕೇ ಗರಗರ ಅಂತಿತ್ತು. ಕೊಡಿಲ್ಲಿ’ ಎಂದು ಅವಳ ಕೊರಳಿಂದ ಕಾರ್ಡು ಬಿಚ್ಚಿಕೊಂಡೆ. ಸೀಮೆಎಣ್ಣೆಯಲ್ಲಿ ಹತ್ತಿ ಅದ್ದಿ ಒಂದೊಂದು ಹಲ್ಲನ್ನೂ ಒರೆಸಿದೆ, ಊದಿದೆ, ಪಾಠದ ಬಿಲ್ಲೆಗೆ ತಾಗಿಸಿದೆ. ನಾನೇ ಅವಳ ಕೊರಳಿಗೆ ಕಟ್ಟಿ ತಂತಿ ಸಿಕ್ಕಿಸಿದೆ. ದೀಪ ಹಸಿರು. ‘ಈಗ ಸರಿಯಾಯ್ತಾ?’ ಅಂದೆ. ಅವಳು ನನ್ನ ಮುಖವನ್ನೇ ನೋಡಿದಳು. ಕಾರ್ಡು ಕೈಯಲ್ಲಿ ಹಿಡಿದು, ‘ಹ್ಞೂಂ,’ ಅಂದಳು. ಅದು ಕೇಳಿತು.

ಮೂರನೇ ಸಲ ಭಾನುವಾರ ಮಧ್ಯಾಹ್ನ. ಅವಳು ನನ್ನನ್ನು ಕೂರಿಸಿ ತಂತಿ ಹಾಕಿ ಬಹಳ ಹೊತ್ತು ಮಾತಾಡಿದಳು. ನಾನು ಅಂದು ಕೆಲಸ ಬಿಡುತ್ತೇನೆ, ಚಿಕ್ಕಣ್ಣಯ್ಯನ ತಲೆ ಒಡೆದೇ ಬಿಡುತ್ತೇನೆ ಎಂಬ ಗುಂಗಿನಲ್ಲಿದ್ದೆ. ಅವಳು ಮಾತಾಡುತ್ತಲೇ ಇದ್ದಾಳೆ, ನಾನೂ ಮಾತಾಡುತ್ತಲೇ ಇದ್ದೇನೆ. ಮೊದಲಿಂದಲೂ ನಾವು ಹಾಗೇ ಅಲ್ಲವೇ, ಇಬ್ಬರೂ ಒಟ್ಟಿಗೆ. ಅವಳ ಕಡೆಯಿಂದ ಬಂದದ್ದು ‘ಆಸ್ಪತ್ರೆ’ ಎಂಬ ಒಂದು ಮಾತು, ‘ಹೊಳೆ ದಾಟಿ’ ಎಂಬ ಇನ್ನೊಂದು. ಸಣ್ಣತಾಯಮ್ಮನ ಸೊಸೆಗೆ ಹೆರಿಗೆ ಹತ್ತಿರವಿತ್ತು, ಅದರದ್ದೇ ಸುದ್ದಿ ಎಂದುಕೊಂಡೆ. ಕೊನೆಗೆ ಅವಳು ಬಾಯಿ ಮುಚ್ಚಿ, ನಾನು ಉಸಿರು ತೆಗೆದುಕೊಳ್ಳುವುದನ್ನೇ ಕಾದು, ‘ಏನಂತೀಯ?’ ಅಂದಳು. ಅದು ಪೂರ್ತಿ ಕೇಳಿತು.

‘ನೋಡಾಣ ಬಿಡಕ್ಕ,’ ಅಂದೆ. ‘ಈಗೇನ್ ಅವಸರ?’

ಅವಳು ತಂತಿ ಬಿಡಿಸಿ ಸೊಂಟಕ್ಕೆ ಸುತ್ತಿಕೊಂಡಳು, ಒಂದೊಂದೇ ಸುತ್ತು, ನಿಧಾನಕ್ಕೆ. ಆಮೇಲೆ ಆ ಮಾತು ಎತ್ತಲಿಲ್ಲ.

ಐದು ತಿಂಗಳು ಹೋದವು. ಅಕ್ಕ ಸೊರಗಿದ್ದು ಕಾಣುತ್ತಿತ್ತು. ಕೇಳಿದರೆ ‘ವಯಸ್ಸಾಯ್ತಲ್ಲೋ’ ಅನ್ನುತ್ತಿದ್ದಳು. ಮೂವತ್ತೈದಕ್ಕೆ ಎಂಥ ವಯಸ್ಸು! ನಾನು ಹುಬ್ಬು ಗಂಟು ಹಾಕಿ ನನ್ನ ಸಿಟ್ಟಿಗೆ ವಾಪಸಾಗುತ್ತಿದ್ದೆ.

ಒಂದು ದಿನ ಹತ್ತು ಗಂಟೆಗೆ ಸಣ್ಣತಾಯಮ್ಮ ಕಚೇರಿಗೆ ನುಗ್ಗಿದಳು. ಸಾಲಿನಲ್ಲಿದ್ದವರನ್ನು ತಳ್ಳಿಕೊಂಡು ಬಂದು ನನ್ನ ಕಾರ್ಡಿನಿಂದ ದೊಡ್ಡ ಲೈನಿನ ತಂತಿ ಕಿತ್ತೆಸೆದು ತನ್ನದನ್ನು ಸಿಕ್ಕಿಸಿದಳು. ‘ಏಯ್, ಏನ್ ಮಾಡ್ತಿದೀಯ...’ ಎಂದು ನಾನು ಎದ್ದೆ. ಕೆನ್ನೆಗೆ ಒಂದು ಬಿತ್ತು. ಕಚೇರಿಯೆಲ್ಲ ತಿರುಗಿ ನೋಡಿತು. ಅವಳು ನನ್ನ ಬಾಯಿಯ ಮೇಲೆ ಅಂಗೈ ಒತ್ತಿ ಹಿಡಿದಳು.

‘ಮುಚ್ಚು ಬಾಯಿ. ನಾನ್ ಹೇಳಾಗಂಟ ಮುಚ್ಕೊಂಡಿರು. ಅವ್ಳು ಶೆಡ್ನಲ್ಲಿ ಬಿದ್ದೋದ್ಲು. ಹೊಳೆ ಆಚೆ ಆಸ್ಪತ್ರೆಗೆ ಹಾಕಿದೀವಿ. ಎದೆ ಗಂಟು ಕಂಕುಳಗಂಟ ಬಂದೈತೆ. ಅವಾಗ್ಲೇ ಕೊಯ್ದಿದ್ರೆ ಉಳೀತಿದ್ಲಂತೆ. ಒಡಹುಟ್ಟಿದೋನು ಬಂದು ಒಪ್ಪಿಗೆ ಕೊಟ್ರೆ ಕೊಯ್ತೀವಿ ಅಂದ್ರಲ್ಲಾ ಡಾಕ್ಟ್ರು, ನೀನ್ ಒಂದಿನ ಬರಕ್ಕೆ ಏನಾಗಿತ್ತೋ? ಮೂರ್ ಸಲ ಕೇಳುದ್ಲು ನಿನ್ನ. ಈಗೇನ್ ಅವಸರ ಅಂದ್ಯಂತೆ. ಅವಸರ ಇರ್ಲಿಲ್ವಾ ನಿಂಗೆ? ಸಾಕಿದ್ ತಾಯಿ ಕಣೋ ಅವ್ಳು!’

ಒಂದಕ್ಷರ ಹಾಳಾಗಲಿಲ್ಲ. ಎಲ್ಲವೂ ಬಂತು. ನನ್ನ ಬಾಯಿಯ ಮೇಲೆ ಅವಳ ಕೈಯಿತ್ತು.

ನಾನು ಓಡಿದ್ದು ನೇರ ಆಸ್ಪತ್ರೆಗಲ್ಲ, ದ್ಯಾವೀರಯ್ಯನ ಬಳಿಗೆ. ಯಾಕೆ ಎಂದು ಈಗಲೂ ನನ್ನನ್ನೇ ಕೇಳಿಕೊಳ್ಳುತ್ತೇನೆ. ಯಾರದೋ ತಪ್ಪು ಎಂದು ಯಾರಾದರೂ ಹೇಳಲಿ ಅಂತ ಇರಬೇಕು. ತಂತಿ ಸಿಕ್ಕಿಸಿ ನಡೆದದ್ದೆಲ್ಲ ಹೇಳಿದೆ. ಮುದುಕ ಕಾರ್ಡು ತಿರುಗಿಸಿ ನೋಡಿದ. ‘ಅಕ್ಕನ ಕಾರ್ಡು ಕಟ್ಟಿಸ್ಲಿಲ್ವಾ?’ ಅಂದ. ತಲೆಯಾಡಿಸಿದೆ. ‘ಅಯ್ಯೋ ಮಗನೇ’ ಎಂದು ಕನ್ನಡಕ ತೆಗೆದ.

‘ನಿಂದು ಕಟ್ಟಿದ್ ಕಾರ್ಡು, ಏನೂ ಹೇಳ್ಕಳಲ್ಲ. ಅವ್ಳ ಕಾರ್ಡು ಕೇಳ್ತದೆ, ನಿಂಗೇನ್ ಬರ್ತದಪ್ಪಾ ಅಂತ. ಉತ್ರ ಇಲ್ಲ. ಮಿಡಿತ ನೋಡಿ ನೂರು ಅಂತ ತಿಳ್ಕಂತದೆ. ಆದ್ರೆ ಎರಡೂ ಕಡೆ ಮಾತಾಡ್ಬೋದಾ ಅನ್ನೋದು ಮಿಡಿತದಲ್ಲಿ ತಿಳಿಯಲ್ಲ. ಉತ್ರ ಕೊಡ್ದೋನ ಮುಂದೆ ಏನ್ ಮಾಡ್ತದೆ? ತಗ್ಗಿ ನಡೀತದೆ. ನಾವು ಸರದಿ ಮೇಲೇ ಮಾತಾಡಾಣ, ಅವ್ನು ಸುಮ್ನಾದಾಗ ನಾನು ಹೇಳ್ತೀನಿ ಅಂತ. ಅವ್ಳು ಒಂದ್ ಮಾತು ಎತ್ತಿರ್ತಾಳೆ, ನೀನು ನಡುವೆ ಬಾಯಿ ಹಾಕ್ತೀಯ. ಅವ್ಳ ಕಾರ್ಡು ಡಿಕ್ಕಿ ಆಯ್ತು ಅಂತ ಮಾತು ತುಂಡು ಮಾಡಿ ಸುಮ್ನಾಗ್ತದೆ. ಸ್ವಲ್ಪ ಕಾದು ಮತ್ತೆ ಹೇಳ್ತದೆ. ಮತ್ತೆ ನೀನು. ಇನ್ನೂ ಜಾಸ್ತಿ ಹೊತ್ತು ಕಾಯ್ತದೆ. ಹಿಂಗೆ ಹದಿನಾರು ಸಲ. ಹದಿನಾರಾದ್ಮೇಲೆ ಆ ಮಾತನ್ನೇ ಬಿಟ್ಬಿಡ್ತದೆ. ನಿನ್ ಕಾರ್ಡೋ, ಬಂದ ಚೂರನ್ನ ಕಸ ಅಂತ ಎಸೀತದೆ. ದೀಪ ಮಾತ್ರ ಹಸಿರೇ.’

‘ನಾನು ಸುಮ್ನಿದ್ದಿದ್ರೆ?’ ಅಂದೆ.

‘ಕೇಳ್ತಿತ್ತಪ್ಪ,’ ಅಂದ. ‘ಸುಮ್ನಿದ್ದಿದ್ರೆ ಕೇಳ್ತಿತ್ತು.’

ಅವನು ಸೀಸದ ಹನಿ ಕರಗಿಸಿ ತೆಗೆದ. ಅದರೊಂದಿಗೆ ಕಚೇರಿಯ ಕೆಲಸವೂ ಹೋಯಿತು. ಹೋಗಲಿ. ಮೇಷ್ಟ್ರ ಮೇಲೆ, ಚಿಕ್ಕಣ್ಣಯ್ಯನ ಮೇಲೆ, ಮೊದಲ ಆರು ಅಕ್ಷರ ಓದುವ ಇಡೀ ಊರಿನ ಮೇಲೆ ನನಗಿದ್ದ ಸಿಟ್ಟು ಸುಳ್ಳಲ್ಲ, ಈಗಲೂ ಇದೆ, ಸಾಯುವ ತನಕ ಇರುತ್ತದೆ. ಆದರೆ ಅದನ್ನೆಲ್ಲ ತಂದು ನಾನು ಸುರಿದದ್ದು ಯಾರ ಮೇಲೆ? ನನ್ನನ್ನು ಎಂದೂ ಸರದಿಗೆ ಕಾಯಿಸದ ಒಬ್ಬಳ ಮೇಲೆ. ಊರು ನನಗೆ ಮಾಡಿದ್ದನ್ನೇ ನಾನು ಅವಳಿಗೆ ಮಾಡಿದೆ, ಮನೆಯೊಳಗೆ ಕೂತು, ಅವಳು ಕಟ್ಟಿಟ್ಟ ಮುದ್ದೆ ನುಂಗುತ್ತಾ.

ದೋಣಿಯಲ್ಲಿ ಹೊಳೆ ದಾಟುವಾಗ ಮನಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಅಕ್ಕ, ನನಗೆ ಕೇಳಿಸಲಿಲ್ಲ. ಕಾರ್ಡು ಕಟ್ಟಿಸಿಕೊಂಡಿದ್ದೆ, ಅದಕ್ಕೆ. ನೀನು ಹೇಳಿದ್ದು ಒಂದೂ ಮುಟ್ಟಲಿಲ್ಲ. ಕೇಳಿಸಿದ್ದರೆ ಅವತ್ತೇ ನಿನ್ನನ್ನು ಹೊತ್ತುಕೊಂಡು ಬರುತ್ತಿದ್ದೆ. ಇದನ್ನು ಹೇಳಿಬಿಟ್ಟರೆ ಅವಳಿಗೆ ನಾನು ಕಲ್ಲಿನಂಥವನಲ್ಲ ಎಂದು ತಿಳಿಯುತ್ತದೆ, ಕ್ಷಮಿಸುತ್ತಾಳೆ. ನನಗೆ ಬೇಕಾದದ್ದು ಅಷ್ಟೇ.

ವಾರ್ಡಿನ ಬಾಗಿಲಲ್ಲಿ ಡಾಕ್ಟರು, ಇನ್ನೇನೂ ಮಾಡುವಂತಿಲ್ಲ ಎಂದು ಕೈ ಅಡ್ಡಲಾಗಿ ಆಡಿಸಿದರು. ತಂತಿ ಹಾಕಬೇಕಾಗಲಿಲ್ಲ.

ಅಕ್ಕ ಹಾಸಿಗೆಗೆ ಅಂಟಿಕೊಂಡಿದ್ದಳು. ಎಡಗೈ ಬಾತಿತ್ತು. ನನ್ನನ್ನು ಕಂಡು ಬಲಗೈಯಲ್ಲಿ ಸೊಂಟದ ತಂತಿ ತಡಕಿದಳು. ನಾನೇ ಸಿಕ್ಕಿಸಿದೆ. ಕಾರ್ಡುಗಳು ಮಿಡಿದವು. ಅವಳದು ಕೇಳಿತು, ನನ್ನದು ಹೇಳಿತು. ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ನಾನು ಕಾದೆ.

‘ಬಂದ್ಯಾ?’ ಅಂದಳು. ‘ಕೆಲಸಕ್ಕೆ ರಜಾ ಕೊಟ್ರಾ? ನೋಡು, ಬೇಜಾರ್ ಮಾಡ್ಕಬ್ಯಾಡ. ನೀನ್ ಅವತ್ತು ಹೇಳಿದ್ದೇ ಸರಿ. ಡಾಕ್ಟ್ರು ಕೊಯ್ತೀನಿ ಅಂದಾಗ್ಲಿಂದ ನಂಗೆ ನಿದ್ದೆ ಇರ್ಲಿಲ್ಲ ಕಣ್ಲಾ. ಅವ್ವ ಹಂಗೇ ಕೊಯ್ಯೋ ಟೇಬಲ್ ಮೇಲೇ ಹೋದ್ಲಲ್ಲ, ನಿಂಗೂ ಅದೇ ಭಯ ಅಂತ ನಂಗ್ ಗೊತ್ತಾಯ್ತು. ಅದಕ್ಕೇ ನೀನು ಅವಸರ ಇಲ್ಲ ಅಂದಿದ್ದು. ಬೇರೆ ಯಾರಾದ್ರೂ ಆಗಿದ್ರೆ ಹೋಗಿ ಕೊಯ್ಸ್ಕೋ ಅಂತ ತಳ್ಳಿಬಿಡ್ತಿದ್ರು. ನೀನ್ ತಳ್ಲಿಲ್ಲ. ಅದೇ ಧೈರ್ಯದ ಮೇಲೆ ಐದ್ ತಿಂಗ್ಳು ನೆಮ್ಮದಿಯಾಗಿದ್ದೆ.’

ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ನಾಲಿಗೆಯ ತುದಿಯಲ್ಲಿ ನಿಂತಿತ್ತು. ಹಲ್ಲು ಕಚ್ಚಿ ಹಿಡಿದೆ.

ಅವಳು ನನ್ನ ಮುಖವನ್ನು ಹುಡುಕುವಂತೆ ನೋಡಿದಳು. ‘ಒಂದೊಂದ್ಸಲ ಅನ್ಸೋದು. ನಾ ಹೇಳಿದ್ದು ಇವ್ನಿಗೆ ಮುಟ್ಟಿತೋ ಇಲ್ವೋ ಅಂತ. ಅದೊಂದೇ ಕೊರೆಯೋದು. ಅವತ್ತು ಕೇಳಿಸಿತ್ತು ತಾನೇ ನಿಂಗೆ?’

‘ಕೇಳಿಸಿತ್ತಕ್ಕ,’ ಅಂದೆ. ‘ಎಲ್ಲಾ ಕೇಳಿಸಿತ್ತು.’

‘ಅದೇ ಮತ್ತೆ,’ ಎಂದು ಅಕ್ಕ ಕಣ್ಣು ಮುಚ್ಚಿದಳು. ಆಮೇಲೆ ಶೆಡ್ಡಿನಲ್ಲಿ ಅರ್ಧಕ್ಕೆ ನಿಂತ ಕವಚದ ಬಗ್ಗೆ ಹೇಳತೊಡಗಿದಳು. ಕೆಂಪು ನೂಲು ಸಾಲದೆ ಹಳದಿ ಬೆರೆಸಿದ್ದು, ಅದಕ್ಕೆ ಸಣ್ಣತಾಯಮ್ಮ ನಕ್ಕಿದ್ದು, ಬಿಚ್ಚಿ ಮತ್ತೆ ನೇಯಬೇಕೆಂದುಕೊಂಡದ್ದು. ನಾನು ಸುಮ್ಮನೆ ಕೇಳುತ್ತಾ ಕೂತೆ.